ಹೆಸರನ್ನು ಮೊಟಕು ಮಾಡುವ ಅಧಿಕಾರ ಯಾರದು?

ಬಾಗಿಲು ತಟ್ಟಿದವರನ್ನು "ಯಾರು?" ಎಂದು ಕೇಳಿದರೆ ಹಲವರು "ನಾನೇ" ಎನ್ನುತ್ತಾರೆ. ಧ್ವನಿಯ ಪರಿಚಯವಿರುವುದರಿಂದ ನಮಗೆ ಅಷ್ಟೇ ಸಾಕು. ಆದರೆ ಖಾಸಗಿ ವಿಮಾನದ ಚಾಲಕನು ನೆಲದ ಮೇಲಿರುವ ನಿಯಂತ್ರಣಾಧಿಕಾರಿಗೆ ಹೀಗೆ ಉತ್ತರಿಸುವಂತಿಲ್ಲ. ಒಂದೇ ರೇಡಿಯೋ ಆವರ್ತಾಂಕದಲ್ಲಿ ಹಲವು ವಿಮಾನಗಳವರು ಮಾತನಾಡುತ್ತಿರುತ್ತಾರೆ. ಒಬ್ಬರ ಮುಖವನ್ನು ಒಬ್ಬರು ಕಾಣರು. ಅಲ್ಲಿ ಹೆಸರೇ ಮುಖ.

ಖಾಸಗಿ ವಿಮಾನಕ್ಕೆ ಸಾಮಾನ್ಯವಾಗಿ ಅದರ ಮೈಮೇಲೆ ಬರೆದಿರುವ ನೋಂದಣಿ ಗುರುತೇ ಹೆಸರು. ಅಮೆರಿಕದಲ್ಲಿ ಅದು 'ಎನ್' ಅಕ್ಷರದಿಂದ ಮೊದಲಾಗುತ್ತದೆ. ಭಾರತದಲ್ಲಿ 'ವಿಟಿ' ಎಂಬುದರ ಮುಂದೆ ಸಾಮಾನ್ಯವಾಗಿ ಮೂರು ಅಕ್ಷರಗಳಿರುತ್ತವೆ. 'ಬಿ', 'ಡಿ', 'ಪಿ' ಎಂಬ ಅಕ್ಷರಗಳು ರೇಡಿಯೋದ ಗದ್ದಲದಲ್ಲಿ ಒಂದೇ ತೆರನಾಗಿ ಕೇಳಿಸುವುದರಿಂದ ಅವುಗಳನ್ನು 'ಬ್ರಾವೊ', 'ಡೆಲ್ಟಾ', 'ಪಾಪಾ' ಎಂದು ಉಚ್ಚರಿಸಬೇಕು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು 1956ರಲ್ಲಿ ಜಾರಿಗೆ ತಂದ ಈ ಅಕ್ಷರಮಾಲೆ ಇಂದಿಗೂ ಬಳಕೆಯಲ್ಲಿದೆ.

ಐದು ಅಕ್ಷರಗಳನ್ನು ಪ್ರತಿಸಲವೂ ಹೇಳುವುದು ಬೇಸರದ ಕೆಲಸವೇ ಸರಿ. ಆದುದರಿಂದ, ಸಂಪರ್ಕವು ಸರಿಯಾಗಿ ಏರ್ಪಟ್ಟ ಮೇಲೆ ಮೊದಲನೆಯ ಅಕ್ಷರವನ್ನೂ ಕೊನೆಯ ಎರಡನ್ನೂ ಮಾತ್ರ ಹೇಳಲು ಅವಕಾಶವುಂಟು. ಆದರೆ ಒಂದು ಕಟ್ಟುಪಾಡಿದೆ: ಹೆಸರನ್ನು ಮೊದಲು ಮೊಟಕು ಮಾಡಬೇಕಾದವನು ಅಧಿಕಾರಿ, ಚಾಲಕನಲ್ಲ.

ಇದನ್ನು ಬರಿಯ ಶಿಷ್ಟಾಚಾರವೆಂದು ಭಾವಿಸುವುದು ತಪ್ಪೆಂದು ನನ್ನ ಅಭಿಪ್ರಾಯ. ವಿಟಿ-ಡಿಎಬಿ, ವಿಟಿ-ಕೆಎಬಿ ಎಂಬ ಎರಡು ವಿಮಾನಗಳು ಒಂದೇ ನಿಲ್ದಾಣದ ಬಳಿ ಹಾರುತ್ತಿವೆಯೆಂದು ಭಾವಿಸೋಣ. ಮೊಟಕು ಮಾಡಿದೊಡನೆ ಎರಡೂ 'ವಿಕ್ಟರ್ ಆಲ್ಫಾ ಬ್ರಾವೊ' ಆಗಿಬಿಡುತ್ತವೆ! ನಮ್ಮ ದೇಶದ ವಿಮಾನಗಳೆಲ್ಲಕ್ಕೂ 'ವಿ' ಎಂಬುದೇ ಮೊದಲಕ್ಷರವಾದ್ದರಿಂದ ಅದರಿಂದ ಭೇದ ತಿಳಿಯದು. ಒಬ್ಬನಿಗೆ ಇಳಿಯಲು ಕೊಟ್ಟ ಅಪ್ಪಣೆಯನ್ನು ಇನ್ನೊಬ್ಬನು ತನ್ನದೆಂದು ಬಗೆದರೆ ಗತಿಯೇನು? ಚಾಲಕನು ಖಚಿತವಾಗಿ ಬಲ್ಲದ್ದು ತನ್ನ ಹೆಸರೊಂದನ್ನೇ. ಆ ಹೊತ್ತಿನಲ್ಲಿ ಸುತ್ತಲೂ ಯಾರಾರಿದ್ದಾರೆಂಬುದನ್ನು ಬಲ್ಲವನು ಅಧಿಕಾರಿ. ಗೊಂದಲವಾಗದೆಂದು ತೀರ್ಮಾನಿಸಬಲ್ಲವನಿಗೇ ಮೊಟಕು ಮಾಡುವ ಅಧಿಕಾರವಿರುವುದು ನ್ಯಾಯ.

"ಈಗ ಟ್ರಾನ್ಸ್‌ಪಾಂಡರ್ ಯಂತ್ರವಿದೆಯಲ್ಲ?" ಎಂದು ವಾಚಕರು ಕೇಳಬಹುದು. ನಿಜ, 0ಯಿಂದ 7ರವರೆಗಿನ ಅಂಕಿಗಳಿಂದಾದ ನಾಲ್ಕಂಕಿಯ ಸಂಕೇತವನ್ನು ಅದು ಕಳುಹಿಸುತ್ತದೆ, ಇಂಥ 4096 ಸಂಕೇತಗಳು ಸಾಧ್ಯ. ರೇಡಾರ್ ತೆರೆಯ ಮುಂದೆ ಕುಳಿತವನಿಗೆ ಇದು ದೊಡ್ಡ ನೆರವು. ಆದರೆ ರೇಡಿಯೋದಲ್ಲಿ ಬಂದ ಅಪ್ಪಣೆ ತನಗೋ ಪರರಿಗೋ ಎಂಬುದನ್ನು ಚಾಲಕನು ತಿಳಿಯುವುದು ಕಿವಿಗೆ ಬಿದ್ದ ಹೆಸರಿನಿಂದಲೇ.

ಹೆಸರನ್ನು ಪೂರ್ಣವಾಗಿ ಹೇಳಲು ಬೇಕಾಗುವುದು ಎರಡು ಮೂರು ಕ್ಷಣ. ಅಷ್ಟನ್ನು ಉಳಿಸಹೊರಟು ಜೀವವನ್ನು ಪಣಕ್ಕೊಡ್ಡುವುದು ಜಾಣತನವಲ್ಲ. ಮುಂದೆ ವೈಮಾನಿಕರಾಗಬಯಸುವ ವಿದ್ಯಾರ್ಥಿಗಳು ಕಲಿಯಬೇಕಾದ ಮೊದಲ ಪಾಠಗಳಲ್ಲಿ ಇದೂ ಒಂದು.