'ಹಳೇದು ಬಿಡಿ' ಅನ್ನೋರಿಗೆ ಫಿಟ್ಜ್‌ರಾಯ್ ಕಡೆಯಿಂದ ಉತ್ತರ

ಭಾಗ 1/8

"ಹಳೇ ಪ್ಲೇಯರ್‌ಗಳ ಪುರಾಣ ಬಿಡು ಗುರು, ಈಗಿನ ಪಾಯಿಂಟ್ಸ್ ಟೇಬಲ್ ನೋಡು."

ಯಾವ ಆಟದ ಮಾತು ಬಂದ್ರೂ ಈ ಡೈಲಾಗ್ ಹೊಡೆಯೋನು ಒಬ್ಬ ಇದ್ದೇ ಇರ್ತಾನೆ. ಹಳೇ ಆಟಗಾರರನ್ನ ನೆನೆಸಿಕೊಳ್ಳೋದು ಅಂದ್ರೆ ಅರಳಿಕಟ್ಟೆ ಮೇಲೆ ಕೂತ ಅಜ್ಜಂದಿರ ಕೆಲಸ, ನಮ್ಮ ವಯಸ್ಸಿನೋರಿಗೆ ಅದು ಬರೀ ಟೈಂಪಾಸ್ ಅನ್ನೋ ಧಾಟಿ. ಈ ಸೀರೀಸ್ ಆ ಮಾತಿಗೆ ಉತ್ತರ.

ಉದಾಹರಣೆಗೆ ನಾನು ತಗೊಂಡಿರೋದು ಮೆಲ್ಬರ್ನ್ ನಗರದ ಫಿಟ್ಜ್‌ರಾಯ್, ಒಂದು ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಕ್ಲಬ್. ಇದೇ ಯಾಕೆ? ಯಾಕಂದ್ರೆ ದೊಡ್ಡ ಲೀಗ್‌ನಲ್ಲಿ ಅದು ಕೊನೇ ಮ್ಯಾಚ್ ಆಡಿದ್ದು 1996ರಲ್ಲಿ. ಅಲ್ಲಿಂದ ಈಚೆಗೆ ಅದರ ಅಭಿಮಾನಿಗಳಿಗೆ ನೋಡಕ್ಕೆ ಆ ಲೀಗ್‌ನ ಪಾಯಿಂಟ್ಸ್ ಟೇಬಲ್ಲೇ ಇಲ್ಲ. ಇದ್ದಿದ್ದು ಹಳೇ ಹೆಸರುಗಳು ಮಾತ್ರ. ಆ ಹೆಸರುಗಳನ್ನೇ ಹಿಡ್ಕೊಂಡು ಅವರು ಏನು ಮಾಡಿದ್ರು ಅಂತ ಗೊತ್ತಾದ್ರೆ 'ಟೈಂಪಾಸ್' ಅನ್ನೋ ಪದ ನಿಮ್ಮ ಬಾಯಿಗೆ ಬರಲ್ಲ.

ನನ್ನ ವಾದ ಒಂದೇ ಸಾಲಿನಲ್ಲಿ: ಅಭಿಮಾನಿಯ ಕೈಲಿರೋ ಹಕ್ಕುಪತ್ರ ಅಂದ್ರೆ ನೆನಪು. ಅದನ್ನ ಹರಿದು ಹಾಕಿದ್ರೆ ಲಾಭ ಆಗೋದು ಕ್ಲಬ್ ಮಾರೋರಿಗೆ.

ಭಾಗ 2/8

ಆಟ ಗೊತ್ತಿಲ್ಲದೋರಿಗೆ ಬೇಗ ಹೇಳಿಬಿಡ್ತೀನಿ. ಕ್ರಿಕೆಟ್ ಗ್ರೌಂಡ್‌ನಷ್ಟು ದೊಡ್ಡ ಮೈದಾನ, ಮೊಟ್ಟೆ ಆಕಾರದ ಚೆಂಡು, ಒಂದು ಕಡೆ 18 ಜನ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡರ ಮಧ್ಯೆ ಒದ್ದರೆ 6 ಪಾಯಿಂಟ್, ಪಕ್ಕಕ್ಕೆ ಹೋದ್ರೆ 1. ವರ್ಷದ ಶ್ರೇಷ್ಠ ಆಟಗಾರನಿಗೆ ಬ್ರೌನ್‌ಲೋ ಪದಕ. ಅದಕ್ಕೆ ವೋಟ್ ಹಾಕೋದು ಅಂಪೈರ್‌ಗಳು.

ಫಿಟ್ಜ್‌ರಾಯ್ ಹುಟ್ಟಿದ್ದು 1883ರಲ್ಲಿ. ಮೆಲ್ಬರ್ನ್ ಮಧ್ಯಭಾಗಕ್ಕೆ ಅಂಟಿಕೊಂಡ, ಆಗ ಕೂಲಿಕಾರರೇ ತುಂಬಿದ್ದ ಏರಿಯಾ. ಗ್ರೌಂಡ್ ಹೆಸರು ಬ್ರನ್ಸ್‌ವಿಕ್ ಸ್ಟ್ರೀಟ್ ಓವಲ್. 1897ರಲ್ಲಿ ವಿ.ಎಫ್.ಎಲ್. ಲೀಗ್ ಶುರುವಾದಾಗ ಇದ್ದ 8 ಕ್ಲಬ್‌ಗಳಲ್ಲಿ ಇದೂ ಒಂದು. ಇವತ್ತಿನ ಎ.ಎಫ್.ಎಲ್. ಅದೇ ಲೀಗ್. ಒಟ್ಟು 8 ಸಲ ಚಾಂಪಿಯನ್, ಕೊನೇ ಸಲ 1944ರಲ್ಲಿ.

1916ರದ್ದು ಮಜಾ ಇದೆ. ಮೊದಲ ಮಹಾಯುದ್ಧದ ವರ್ಷ, ಆಡಿದ್ದು ನಾಲ್ಕೇ ಕ್ಲಬ್. ಲೀಗ್ ಹಂತದಲ್ಲಿ ಫಿಟ್ಜ್‌ರಾಯ್ ಕೊನೇ ಸ್ಥಾನ. ನಾಲ್ಕೂ ಟೀಮ್ ಫೈನಲ್ಸ್‌ಗೆ ಹೋದವು, ಕಪ್ ಗೆದ್ದಿದ್ದು ಫಿಟ್ಜ್‌ರಾಯ್. ಒಂದೇ ಸೀಸನ್‌ನಲ್ಲಿ ಲಾಸ್ಟೂ ಅವರೇ, ಫಸ್ಟೂ ಅವರೇ. ಪಾಯಿಂಟ್ಸ್ ಟೇಬಲ್ಲೇ ದೇವರು ಅನ್ನೋರು ಸ್ವಲ್ಪ ಇಲ್ಲಿ ನೋಡಿ.

ಭಾಗ 3/8

ಈಗ ಹೀರೋಗಳು. ಮೊದಲ ಹೆಸರು ಹೇಡನ್ ಬಂಟನ್. 1931, 1932, 1935: ಮೂರು ಬ್ರೌನ್‌ಲೋ. ಮೂರಕ್ಕಿಂತ ಜಾಸ್ತಿ ಗೆದ್ದೋರು ಇವತ್ತಿಗೂ ಯಾರೂ ಇಲ್ಲ. ಮಧ್ಯೆ 1933ರಲ್ಲಿ ವಿಲ್ಫ್ರೆಡ್ ಸ್ಮಾಲ್‌ಹಾರ್ನ್, 1936ರಲ್ಲಿ ಡಿನ್ನಿ ರಯಾನ್. ಆರು ವರ್ಷದಲ್ಲಿ ಐದು ಪದಕ ಒಂದೇ ಕ್ಲಬ್‌ಗೆ. ಆದ್ರೆ ಆ ದಶಕದಲ್ಲಿ ಕಪ್? ಒಂದೂ ಇಲ್ಲ.

ಇಲ್ಲೇ ನಾನು ಅಭಿಮಾನಿಗಳ ಜೊತೆಗೂ ಜಗಳ ಆಡ್ಬೇಕು. ನೆನಪು ಹಕ್ಕುಪತ್ರ ಅಂದ ಮೇಲೆ ಅದರಲ್ಲಿ ಸುಳ್ಳು ಇರಬಾರದು. ಬಂಟನ್ 1930ರಲ್ಲೇ ಆಡಬೇಕಿತ್ತು. ಆದ್ರೆ ಅವರನ್ನ ಕರೆತರಕ್ಕೆ ಕ್ಲಬ್ ನಿಯಮ ಮೀರಿ ದುಡ್ಡು ಕೊಟ್ಟಿತ್ತು, ಲೀಗ್ ಆ ಸೀಸನ್ ಪೂರ್ತಿ ಆಡಕ್ಕೆ ಬಿಡಲಿಲ್ಲ. ಇದನ್ನ ಮುಚ್ಚಿಟ್ಟು ಪದಕ ಮಾತ್ರ ತೋರಿಸಿದ್ರೆ ಅದು ನೆನಪಲ್ಲ, ಜಾಹೀರಾತು. ಕ್ಯಾಶ್ ಬುಕ್‌ನಲ್ಲಿ ಜಮಾ ಕಡೆ ಬರೆದು ಖರ್ಚಿನ ಕಡೆ ಖಾಲಿ ಬಿಟ್ಟರೆ ನಮ್ಮ ಲೆಕ್ಚರರ್ ಪುಸ್ತಕ ಮುಖಕ್ಕೆ ಎಸೀತಾರೆ. ಆಟದ ಇತಿಹಾಸಕ್ಕೂ ಅದೇ ರೂಲ್ ಇರಲಿ.

ಸ್ಮಾಲ್‌ಹಾರ್ನ್ ಕತೆ ಇನ್ನೊಂದು. ಎರಡನೇ ಮಹಾಯುದ್ಧದಲ್ಲಿ ಸೆರೆ ಸಿಕ್ಕಿ ಸಿಂಗಾಪುರದ ಚಾಂಗಿ ಯುದ್ಧಕೈದಿಗಳ ಶಿಬಿರ ಕಂಡು ಬಂದೋರು ಅವರು. ಇಂಥದ್ದು ಸ್ಕೋರ್‌ಕಾರ್ಡ್‌ನಲ್ಲಿ ಸಿಗಲ್ಲ. ಯಾರೋ ಕೂತು ಹೇಳ್ಬೇಕು, ಇನ್ಯಾರೋ ಕೇಳಿಸ್ಕೋಬೇಕು.

ಭಾಗ 4/8

ಡಗ್ ನಿಕೋಲ್ಸ್. ಈ ಹೆಸರು ಇಲ್ಲದ 'ಫಿಟ್ಜ್‌ರಾಯ್ ದಿಗ್ಗಜರು' ಪಟ್ಟಿ ನನ್ನ ಲೆಕ್ಕದಲ್ಲಿ ಫೇಲ್.

ಎತ್ತರ 157 ಸೆಂಟಿಮೀಟರ್, ಓಟ ಮಾತ್ರ ಗಾಳಿ. ಆಸ್ಟ್ರೇಲಿಯಾದ ಮೂಲನಿವಾಸಿ. 1927ರಲ್ಲಿ ಪಕ್ಕದ ಏರಿಯಾದ ಕಾರ್ಲ್ಟನ್ ಕ್ಲಬ್‌ಗೆ ಸೇರಕ್ಕೆ ಹೋದ್ರು. ಅಲ್ಲಿ ಮೈ ತಿಕ್ಕೋ ಕೆಲಸದೋರು ಅವರ ಮೈ ಮುಟ್ಟಕ್ಕೆ ಒಪ್ಪಲಿಲ್ಲ. ಕಾರಣ ಚರ್ಮದ ಬಣ್ಣ. ನಿಕೋಲ್ಸ್ ಇನ್ನೊಂದು ಲೀಗ್‌ನ ನಾರ್ತ್‌ಕೋಟ್ ಟೀಮ್‌ನಲ್ಲಿ ಆಡಿ ಹೆಸರು ಮಾಡಿ 1932ರಲ್ಲಿ ಫಿಟ್ಜ್‌ರಾಯ್‌ಗೆ ಬಂದ್ರು. ಡ್ರೆಸ್ಸಿಂಗ್ ರೂಮ್‌ನಲ್ಲಿ ಒಂದು ಮೂಲೆ ಹಿಡಿದು ಒಬ್ಬರೇ ಕೂರ್ತಿದ್ದ ಅವರ ಹತ್ರ ಬಂಟನ್ ತಾವೇ ಹೋಗಿ ಜೊತೆ ಮಾಡಿಕೊಂಡ ಕತೆಯನ್ನ ಫಿಟ್ಜ್‌ರಾಯ್ ಮಂದಿ ಇವತ್ತಿಗೂ ಹೇಳ್ತಾರೆ. ಆ ಕಾಲದಲ್ಲಿ ಆ ಕ್ಲಬ್‌ನ ಅತಿ ದೊಡ್ಡ ಸ್ಟಾರ್ ಮಾಡಿದ ಕೆಲಸ ಅದು. ಮೂರು ಬ್ರೌನ್‌ಲೋ ಒಂದು ತೂಕ, ಇದು ಇನ್ನೊಂದು ತೂಕ.

ಆಟ ಬಿಟ್ಟ ಮೇಲೆ ನಿಕೋಲ್ಸ್ ಅದೇ ಫಿಟ್ಜ್‌ರಾಯ್‌ನ ಗೋರ್ ಸ್ಟ್ರೀಟ್ ಚರ್ಚ್‌ನಲ್ಲಿ ಪಾದ್ರಿ ಆದ್ರು, ತಮ್ಮ ಜನರ ಹಕ್ಕಿಗೆ ದುಡಿದ್ರು. 1972ರಲ್ಲಿ 'ಸರ್' ಬಿರುದು. 1976ರಲ್ಲಿ ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ಗವರ್ನರ್. ಈಗ ಎ.ಎಫ್.ಎಲ್. ವರ್ಷಾ ವರ್ಷ ಅವರ ಹೆಸರಲ್ಲೇ ಒಂದು ಸುತ್ತು ನಡೆಸುತ್ತೆ. ಒಳ್ಳೇದೇ. ಆದ್ರೆ ಜೆರ್ಸಿ ಮೇಲೆ ಚಿತ್ರ ಹಾಕಿ, ಆ ಮುಟ್ಟದ ಕೈಗಳ ವಿಷಯ ಬಿಟ್ಟುಬಿಟ್ಟರೆ ಆಚರಣೆ ಅರ್ಧ ಆದಂಗೆ. ಆಟಗಾರನನ್ನ ನೆನೆಯೋರು ಅವರಿಗೆ ಆಟ ಏನು ಮಾಡಿತು ಅನ್ನೋದನ್ನೂ ನೆನೀಬೇಕು.

ಭಾಗ 5/8

"ಗೆದ್ದೋರನ್ನ ನೆನೆಸ್ಕೊಂಡ್ರೆ ಓಕೆ, ಸೋತೋರನ್ನ ಯಾಕೆ?" ಅನ್ನೋರಿಗೆ ಕೆವಿನ್ ಮರ್ರೆ.

1955ರಿಂದ 1974ರ ತನಕ, ನಡುವೆ ಎರಡು ವರ್ಷ ಪರ್ತ್ ನಗರದಲ್ಲಿ ಆಡಿದ್ದು ಬಿಟ್ಟರೆ, ಫಿಟ್ಜ್‌ರಾಯ್‌ಗೇ 333 ಮ್ಯಾಚ್. ಕ್ಲಬ್‌ನ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ 9 ಸಲ. 1969ರಲ್ಲಿ ಬ್ರೌನ್‌ಲೋ. ಈ ಲೀಗ್‌ನಲ್ಲಿ ಕಪ್? ಸೊನ್ನೆ.

1963ರಲ್ಲಿ ಫಿಟ್ಜ್‌ರಾಯ್ 18 ಮ್ಯಾಚ್ ಆಡಿ ಗೆದ್ದಿದ್ದು 1. ಆ ಒಂದು ಯಾರ ಮೇಲೆ ಗೊತ್ತಾ? ಆ ವರ್ಷ ಕಪ್ ಎತ್ತಿದ ಜೀಲಾಂಗ್ ಮೇಲೆ. 1964ರಲ್ಲಿ 18ಕ್ಕೆ 18 ಸೋಲು. ಆ ಎರಡೂ ವರ್ಷ ಕ್ಯಾಪ್ಟನ್ನೂ ಕೋಚೂ ಮರ್ರೆ ಅವರೇ. ಶನಿವಾರ ಬಂದ್ರೆ ಸೋಲ್ತೀವಿ ಅಂತ ಗೊತ್ತಿದ್ದೂ ಟೀಮ್ ಕರ್ಕೊಂಡು ಮೈದಾನಕ್ಕೆ ಇಳೀತಿದ್ರಲ್ಲ, ಅದನ್ನ ಯಾವ ಟೇಬಲ್‌ನ ಯಾವ ಕಾಲಂನಲ್ಲಿ ಬರೀತೀರಾ?

ಮರ್ರೆ ಆದ ಮೇಲೂ ಹೆಸರುಗಳು ನಿಲ್ಲಲಿಲ್ಲ. ಚಿಕ್ಕ ದೇಹದ ಗ್ಯಾರಿ ವಿಲ್ಸನ್. 'ಸೂಪರ್‌ಬೂಟ್' ಬರ್ನಿ ಕ್ವಿನ್ಲನ್: 1981ರಲ್ಲಿ ಜಂಟಿ ಬ್ರೌನ್‌ಲೋ, 1983ರಲ್ಲಿ 116 ಗೋಲ್, 1984ರಲ್ಲಿ 105. 1979ರಲ್ಲಿ ಮೆಲ್ಬರ್ನ್ ಕ್ಲಬ್ ಮೇಲೆ 238ಕ್ಕೆ 48, ಅಂದ್ರೆ 190 ಪಾಯಿಂಟ್ ಅಂತರದ ಗೆಲುವು. 1986ರ ಎಲಿಮಿನೇಷನ್ ಫೈನಲ್‌ನಲ್ಲಿ ಎಸೆಂಡನ್ ಮೇಲೆ ಮಿಕ್ಕಿ ಕಾನ್ಲನ್ ಕೊನೇ ಗಳಿಗೆಯಲ್ಲಿ ಗೋಲ್ ಹೊಡೆದು ಒಂದೇ ಪಾಯಿಂಟ್‌ನಲ್ಲಿ ಗೆಲ್ಲಿಸಿದ್ದು. ಆ ಸೀಸನ್ ಮುಗಿದ ಮೇಲೆ ಫಿಟ್ಜ್‌ರಾಯ್ ಫೈನಲ್ಸ್ ಮುಖ ನೋಡಲೇ ಇಲ್ಲ.

ಭಾಗ 6/8

ಬಿಕಾಂ ಮಂದಿ ಹತ್ರ ಬನ್ನಿ, ಇದು ನಮ್ಮ ಏರಿಯಾ.

1966ರ ನಂತರ ಕ್ಲಬ್‌ಗೆ ಸ್ವಂತ ಮೈದಾನ ಅಂತ ಉಳಿಯಲಿಲ್ಲ. ಬಾಡಿಗೆ ಮನೆ ಬದಲಾಯಿಸೋ ಹಾಗೆ ಊರೆಲ್ಲಾ ಸುತ್ತಿತು. ಸಾಲ ಬೆಳೀತು. ಪಾಲ್ ರೂಸ್ ಅಂಥ ಸ್ಟಾರ್ 1994 ಮುಗಿದ ಮೇಲೆ ಸಿಡ್ನಿಗೆ ಹೋದ್ರು. 1996ರಲ್ಲಿ ಸಾಲ ಕೊಟ್ಟಿದ್ದ ನೌರು ಇನ್ಶೂರೆನ್ಸ್ ಕಾರ್ಪೊರೇಷನ್ ಅಡ್ಮಿನಿಸ್ಟ್ರೇಟರ್ ಕೂರಿಸಿತು. ಫಿಟ್ಜ್‌ರಾಯ್ ಆಡಳಿತ ಮಾತುಕತೆ ನಡೆಸಿದ್ದು ಪಕ್ಕದ ನಾರ್ತ್ ಮೆಲ್ಬರ್ನ್ ಜೊತೆ. ಉಳಿದ ಕ್ಲಬ್‌ಗಳು ಅದಕ್ಕೆ ಒಪ್ಪದೆ, ರಸ್ತೆಯಲ್ಲಿ ಸುಮಾರು 1,700 ಕಿ.ಮೀ. ದೂರದ ಬ್ರಿಸ್ಬೇನ್ ಬೇರ್ಸ್ ಜೊತೆ ಗಂಟು ಹಾಕಿದವು. ಇದಕ್ಕೆ ಇಟ್ಟ ಹೆಸರು 'ಮರ್ಜರ್'.

ನಮ್ಮ ಎ.ಎಸ್. 14 ಆಸ್ಟ್ರೇಲಿಯಾಕ್ಕೆ ಅನ್ವಯಿಸಲ್ಲ, ಗೊತ್ತು. ಅಳತೆಗೋಲು ಅಂತ ಮಾತ್ರ ಇಟ್ಟು ನೋಡಿ. ಮರ್ಜರ್ ಸ್ವರೂಪದ ಅಮಾಲ್ಗಮೇಷನ್ ಆಗ್ಬೇಕಂದ್ರೆ ಐದು ಷರತ್ತು. ಎಲ್ಲಾ ಆಸ್ತಿ, ಎಲ್ಲಾ ಸಾಲ ವರ್ಗ ಆಗ್ಬೇಕು. ಶೇ 90ಕ್ಕೆ ಕಮ್ಮಿ ಇಲ್ಲದಷ್ಟು ಈಕ್ವಿಟಿ ಹೊಂದಿರೋರು ಹೊಸ ಕಂಪನಿಯ ಷೇರುದಾರರಾಗ್ಬೇಕು. ಹಳೇ ವ್ಯವಹಾರ ಮುಂದುವರೀಬೇಕು. ಹೀಗೇ. ಒಂದು ತಪ್ಪಿದ್ರೂ ಅದು ಖರೀದಿ.

ಇಲ್ಲಿ ಆಗಿದ್ದೇನು? ಸಿಂಹದ ಲಾಂಛನ ಹೋಯ್ತು, ಬಣ್ಣ ಹೋಯ್ತು, ಹಾಡಿನ ರಾಗ ಹೋಯ್ತು. ಆಟಗಾರರಲ್ಲಿ ಎಂಟು ಜನರನ್ನ ಆರಿಸಿಕೊಂಡ್ರು. ಫಿಟ್ಜ್‌ರಾಯ್ ಅನ್ನೋ ಕಂಪನಿ ಮಾತ್ರ ಕಾನೂನಿನ ಲೆಕ್ಕದಲ್ಲಿ ಹಾಗೇ ಹಿಂದೆ ಉಳೀತು. ಇದನ್ನ ಮರ್ಜರ್ ಅಂತ ಪರೀಕ್ಷೆಯಲ್ಲಿ ಬರೆದ್ರೆ ಮಾರ್ಕ್ಸ್ ಸಿಗಲ್ಲ. ನಮ್ಮ ಕಡೆ ಇದಕ್ಕೆ ಬೇರೆ ಮಾತಿದೆ: ಉಂಡೂ ಹೋದ, ಕೊಂಡೂ ಹೋದ.

1996ರ ಸೆಪ್ಟೆಂಬರ್ 1, ಪರ್ತ್, ಫ್ರೀಮ್ಯಾಂಟಲ್ ಎದುರು 86 ಪಾಯಿಂಟ್ ಸೋಲು. ದೊಡ್ಡ ಲೀಗ್‌ನಲ್ಲಿ ಫಿಟ್ಜ್‌ರಾಯ್ ಕತೆ ಮುಗೀತು.

ಭಾಗ 7/8

ಎದುರು ಪಾರ್ಟಿಯ ಗಟ್ಟಿ ವಾದ ಈಗ. "ನೆನಪು ಅಷ್ಟು ದೊಡ್ಡದಾಗಿದ್ರೆ ಕ್ಲಬ್ ಯಾಕೆ ಉಳೀಲಿಲ್ಲ? ಬಂಟನ್ ಹೆಸರು ಸಾಲ ತೀರಿಸಿತಾ? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಲ್ವಾ ಇದು?"

ಇಲ್ಲ, ಹೆಸರು ಸಾಲ ತೀರಿಸಲ್ಲ. ಒಪ್ಪೋಣ. ಆದ್ರೆ 1989 ನೋಡಿ. ಆ ವರ್ಷ ಇದೇ ಫಿಟ್ಜ್‌ರಾಯ್ ಜೊತೆ ಫುಟ್ಸ್‌ಕ್ರೇ ಕ್ಲಬ್ಬನ್ನ ಸೇರಿಸಿ 'ಫಿಟ್ಜ್‌ರಾಯ್ ಬುಲ್‌ಡಾಗ್ಸ್' ಮಾಡಕ್ಕೆ ಹೊರಟಿದ್ರು. ಫುಟ್ಸ್‌ಕ್ರೇಯ ಐರೀನ್ ಚ್ಯಾಟ್‌ಫೀಲ್ಡ್ ಅನ್ನೋ ಒಬ್ಬ ಸಾಮಾನ್ಯ ಅಭಿಮಾನಿ ಕೋರ್ಟ್‌ಗೆ ಹೋದ್ರು. ಪೀಟರ್ ಗಾರ್ಡನ್ ಅನ್ನೋ ವಕೀಲರು ಮುಂದಾಳತ್ವ ವಹಿಸಿದ್ರು. ಜನ ಡಬ್ಬ ಹಿಡಿದು ಬೀದಿ ಬೀದಿ ದುಡ್ಡು ಎತ್ತಿದ್ರು. ಕೆಲವೇ ವಾರದಲ್ಲಿ ಕ್ಲಬ್ ಉಳೀತು. ಇವತ್ತಿನ ವೆಸ್ಟರ್ನ್ ಬುಲ್‌ಡಾಗ್ಸ್ ಅದೇ. 2016ರಲ್ಲಿ ಕಪ್ಪೂ ಗೆದ್ರು.

ಬೀದಿಯಲ್ಲಿ ನಿಂತ ಅಪರಿಚಿತ ಡಬ್ಬಕ್ಕೆ ದುಡ್ಡು ಹಾಕಿದ್ದು ಆ ವರ್ಷದ ಪಾಯಿಂಟ್ಸ್ ಟೇಬಲ್ ನೋಡಿ ಅಂತ ಅಂದ್ಕೊಂಡಿದ್ದೀರಾ? ಅಪ್ಪ ತೋರಿಸಿದ ಆಟಗಾರ, ಅಜ್ಜ ಹೇಳಿದ ಫೈನಲ್, ಅದಕ್ಕೆ ಹಾಕಿದ್ದು. ನೆನಪು ದುಡ್ಡಲ್ಲ ಗುರು. ದುಡ್ಡು ಕೊಡೋ ಕಾರಣ.

ಹಾಗಂತ ನೆನಪು ಒಂದಿದ್ರೆ ಸಾಕು ಅಂತಲೂ ಅಲ್ಲ. ಹಳೇ ಫೋಟೋ ಹಾಕಿ ಕಣ್ಣೀರು ಹಾಕೋನು ಮೆಂಬರ್‌ಶಿಪ್ ತಗೊಳ್ದೆ ಇದ್ರೆ, ಮ್ಯಾಚಿಗೆ ಹೋಗ್ದೆ ಇದ್ರೆ, ಆ ಕಣ್ಣೀರಿಗೆ ಬ್ಯಾಂಕ್‌ನಲ್ಲಿ ಬೆಲೆ ಇಲ್ಲ.

ಭಾಗ 8/8

1996ರ ನಂತರ ಫಿಟ್ಜ್‌ರಾಯ್ ಮಂದಿ ಏನು ಮಾಡಿದ್ರು?

1998ರಲ್ಲಿ ಕ್ಲಬ್ ಅಡ್ಮಿನಿಸ್ಟ್ರೇಷನ್‌ನಿಂದ ಹೊರಗೆ ಬಂತು. ಮುಚ್ಚಬಹುದಿತ್ತು, ಮುಚ್ಚಲಿಲ್ಲ. 2009ರಲ್ಲಿ ಮೆಲ್ಬರ್ನ್‌ನ ಹವ್ಯಾಸಿ ಲೀಗ್‌ಗೆ ಇಳಿದು ಮತ್ತೆ ಆಡಕ್ಕೆ ಶುರು ಮಾಡಿದ್ರು. ಎಲ್ಲಿ? ಅದೇ ಬ್ರನ್ಸ್‌ವಿಕ್ ಸ್ಟ್ರೀಟ್ ಓವಲ್‌ನಲ್ಲಿ. ಬಂಟನ್, ನಿಕೋಲ್ಸ್, ಮರ್ರೆ ಓಡಿದ ಅದೇ ಹುಲ್ಲಿನ ಮೇಲೆ. ಬ್ರಿಸ್ಬೇನ್‌ನೋರು 2010ರ ಹೊತ್ತಿಗೆ ಜೆರ್ಸಿ ಮೇಲಿನ ಹಳೇ ಸಿಂಹ ತೆಗೆದು ಹೊಸ ಮುಖ ಹಾಕಿದಾಗ ಫಿಟ್ಜ್‌ರಾಯ್ ಸುಮ್ಮನೆ ಕೂರಲಿಲ್ಲ, ಕೋರ್ಟ್ ಮೆಟ್ಟಿಲು ಹತ್ತಿತು. 2015ರಿಂದ ಹಳೇ ಸಿಂಹ ಜೆರ್ಸಿಗೆ ವಾಪಸ್. ನೆನಪು ಸತ್ತುಹೋಗಿದ್ರೆ ಕೇಸ್ ಹಾಕೋರು ಯಾರಿರ್ತಿದ್ರು?

ಬ್ರಿಸ್ಬೇನ್ ಲಯನ್ಸ್ 2001, 2002, 2003ರಲ್ಲಿ ಕಪ್ ಗೆದ್ದಿತು. ಆಮೇಲೆ 2024, 2025ರಲ್ಲೂ. ಫಿಟ್ಜ್‌ರಾಯ್ ಅಭಿಮಾನಿಗಳಲ್ಲಿ ಕೆಲವರು ಇದು ನಮ್ಮದೂ ಅಂತ ಕುಣಿದ್ರು, ಕೆಲವರು ನಮ್ಮದಲ್ಲ ಅಂತ ಮುಖ ತಿರುಗಿಸಿದ್ರು. ಎರಡು ಗುಂಪಿನ ಮೇಲೂ ನನಗೆ ಗೌರವ ಇದೆ, ಯಾಕಂದ್ರೆ ಇಬ್ಬರಿಗೂ ಏನು ಕಳ್ಕೊಂಡ್ವಿ ಅನ್ನೋ ಲೆಕ್ಕ ಬಾಯಿಪಾಠ.

ಹಾಗಾಗಿ ಮುಂದಿನ ಸಲ ಯಾರಾದ್ರೂ ಹಳೇ ಆಟಗಾರನ ಹೆಸರು ತೆಗೆದಾಗ 'ಬಿಡು ಗುರು' ಅನ್ನಬೇಡಿ. ಕೂತ್ಕೊಳ್ಳಿ, ಕೇಳಿ. ಪದಕದ ಕತೆ ಮುಗಿದ ಮೇಲೆ ಇನ್ನೊಂದು ಪ್ರಶ್ನೆ ಹಾಕಿ: ಅವರಿಗೆ ಅನ್ಯಾಯ ಆಗಿತ್ತಾ? ಅವರು ಸೋತ ವರ್ಷ ಯಾರು ಜೊತೆಗಿದ್ರು? ಕೇಳಿದ್ದನ್ನ ಎಲ್ಲಾದ್ರೂ ಬರೆದಿಡಿ. ನೀವು ಬೆಂಬಲಿಸೋ ಕ್ಲಬ್ಬನ್ನೂ ಒಂದು ದಿನ ಯಾರೋ ಮೇಜಿನ ಸುತ್ತ ಕೂತು ಮಾರಕ್ಕೆ ಹೊರಡಬಹುದು. ಅವತ್ತು ಈ ಬರಹ ಬೇಕಾಗುತ್ತೆ.

ನಿಮಗೆ ಗೊತ್ತಿರೋ, ಈಗ ಯಾರೂ ಮಾತಾಡದ ಒಬ್ಬ ಹಳೇ ಆಟಗಾರನ ಹೆಸರು ಕೆಳಗೆ ಬರೀರಿ. ಯಾವ ಆಟ ಆದ್ರೂ ಸರಿ. ಬರೀ ಹೆಸರು ಬೇಡ, ಕತೆ ಸಮೇತ.

#ಫಿಟ್ಜ್‌ರಾಯ್ #ಹಳೇಹೀರೋಗಳು #ನೆನಪುಟೈಂಪಾಸ್ಅಲ್ಲ #ಬಿಕಾಂಹುಡುಗರು