ಹತ್ತರ ಎದುರಿನ ಒಂದು



ಜಮಖಂಡಿ, ಮುಧೋಳ, ಬೀಳಗಿಗಳ ನಮ್ಮ ಸೀಮೆಯಲ್ಲಿ ಆಟವೆಂದೊಡನೆ ಮನಸ್ಸು ಗರಡಿಯ ಮಣ್ಣಿಗೆ ಓಡುವುದೇ ಹೊರತು ಕಾಲ್ಚೆಂಡಿನ ಬಯಲಿಗಲ್ಲ. ಆದರೂ ಈ ತಿಂಗಳು ಕಾಲ್ಚೆಂಡಿನ ಆಟಗಾರರೊಬ್ಬರ ಚರಿತ್ರವನ್ನು ತಮ್ಮ ಮುಂದಿಡಬೇಕೆಂದಿರುವೆನು. ಕಾರಣವಿಷ್ಟೆ: ಅವರು ಕನ್ನಡ ನಾಡಿನಲ್ಲಿ ಹುಟ್ಟಿದವರು; ಕಲಕತ್ತೆಯ ಜನರು ಅವರನ್ನು ತಲೆಯ ಮೇಲೆ ಹೊತ್ತರು; ನಮ್ಮ ಮನೆಗಳಲ್ಲಿಯಾದರೋ ಅವರ ಹೆಸರನ್ನು ಕೇಳಿದವರೇ ವಿರಳ.

ಅಹಮದ್ ಖಾನರು 1926ನೆಯ ಇಸವಿಯ ಡಿಸೆಂಬರದಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ತಂದೆಯೂ ಆಟಗಾರರೇ, ಆದುದರಿಂದ ವಿದ್ಯೆಯು ಮನೆಯಲ್ಲಿಯೇ ದೊರೆಯಿತು. 1949ರಲ್ಲಿ ಅವರು ಕಲಕತ್ತೆಯ ಈಸ್ಟ್ ಬೆಂಗಾಲ್ ಸಂಘವನ್ನು ಸೇರಿದರು. ವೆಂಕಟೇಶ, ಅಪ್ಪಾರಾವ್, ಧನರಾಜ, ಸಾಲೆ, ಅಹಮದ್ ಖಾನ್, ಹೀಗೆ ಮುಂಚೂಣಿಯಲ್ಲಿ ಆಡುತ್ತಿದ್ದ ಐವರನ್ನು ಬಂಗಾಲದವರು 'ಪಂಚಪಾಂಡವ'ರೆಂದೇ ಕರೆದರು. 1949, 1950, 1951, ಈ ಮೂರು ವರುಷಗಳೂ ಎಡೆಬಿಡದೆ ಐ. ಎಫ್. ಎ. ಶೀಲ್ಡು ಆ ಸಂಘದ ಪಾಲಾಯಿತು. ಚೆಂಡನ್ನು ಪಾದದಿಂದ ಅಗಲಿಸದೆ ಎದುರಾಳಿಗಳ ನಡುವೆ ನುಸುಳಿಸಿ ಒಯ್ಯುವ ಅವರ ಚಾತುರ್ಯವನ್ನು ಕಂಡವರು ಅವರಿಗೆ 'ಹಾವಾಡಿಗ'ನೆಂಬ ಹೆಸರನ್ನಿತ್ತರು.

ಇದಕ್ಕೂ ಮೊದಲೇ, 1948ರಲ್ಲಿ, ಸ್ವತಂತ್ರ ಭಾರತದ ಪ್ರಥಮ ಒಲಿಂಪಿಕ್ ತಂಡದಲ್ಲಿ ಅವರು ಲಂಡನ್ನಿಗೆ ಹೋಗಿದ್ದರು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿಯೇ ಆಡಿದರು. ಫ್ರಾನ್ಸಿನೆದುರು ಸಾರಂಗಪಾಣಿ ರಾಮನ್ ಅವರು ಒಂದು ಗೋಲನ್ನು ಹೊಡೆದು ಸಮಮಾಡಿದರು. ಆದರೆ ದೊರೆತ ಎರಡು ಪೆನಾಲ್ಟಿಗಳೂ ವ್ಯರ್ಥವಾಗಿ, ಕಡೆಯ ನಿಮಿಷಗಳಲ್ಲಿ 2-1ರಿಂದ ಸೋಲಾಯಿತು. ಅದೇ ಪ್ರವಾಸದಲ್ಲಿ ನಮ್ಮ ತಂಡವು ಹಾಲೆಂಡಿಗೆ ಹೋಗಿ, ಆಮ್ಸ್ಟರ್‌ಡಾಮಿನ ಹೆಸರಾಂತ ಅಯಾಕ್ಸ್ ಸಂಘವನ್ನು ಗೆದ್ದಿತೆಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು. 1951ರಲ್ಲಿ ದಿಲ್ಲಿಯ ಪ್ರಥಮ ಏಷ್ಯಾ ಕ್ರೀಡಾಕೂಟದಲ್ಲಿ ಇರಾಣವನ್ನು ಜಯಿಸಿ ಸುವರ್ಣಪದಕವನ್ನು ಪಡೆದ ತಂಡದಲ್ಲಿಯೂ ಖಾನರಿದ್ದರು.

ಇನ್ನು 1952ರ ಹೆಲ್ಸಿಂಕಿಯ ಮಾತು. ಯುಗೋಸ್ಲಾವಿಯದವರು ನಮ್ಮ ಮೇಲೆ ಹತ್ತು ಗೋಲುಗಳನ್ನು ಹೊಡೆದರು. ಆಟವು ಮುಗಿಯಲು ಕ್ಷಣಗಳಷ್ಟೇ ಉಳಿದಿರುವಾಗ ಭಾರತದ ಪಾಲಿಗೆ ಒಂದು ಗೋಲು ಬಂದಿತು. ಅದನ್ನು ಹೊಡೆದವರು ಅಹಮದ್ ಖಾನರು. ಹತ್ತರ ಎದುರಿನ ಒಂದು! ಲೆಕ್ಕಪತ್ರದಲ್ಲಿ ಅದಕ್ಕೇನು ಬೆಲೆ ಎಂದು ಕೇಳುವವರುಂಟು.

ಅಂಥವರಿಗೆ ನಮ್ಮ ಮುಧೋಳದ ರನ್ನನೇ ಉತ್ತರವನ್ನು ಹೇಳಬಲ್ಲನು. ಬಳೆಗಾರರ ಮನೆಯಲ್ಲಿ ಹುಟ್ಟಿದ ಆ ಕವಿಯು 'ಗದಾಯುದ್ಧ'ದಲ್ಲಿ ಭೀಮನ ವಿಜಯವನ್ನೇ ಹಾಡಹೊರಟರೂ, ಓದುಗರ ಹೃದಯದಲ್ಲಿ ನಿಲ್ಲುವವನು ಎಲ್ಲರನ್ನೂ ಕಳೆದುಕೊಂಡು ತಲೆಬಾಗದೆ ನಿಂತ ದುರ್ಯೋಧನನಲ್ಲವೆ? ಸೋಲುವುದು ನಿಶ್ಚಿತವಾದ ಮೇಲೆಯೂ ಕರ್ತವ್ಯವನ್ನು ಬಿಡದಿರುವುದು ಗೆಲುವಿಗಿಂತ ಕಠಿನವಾದ ವ್ರತ. ಗೆಲ್ಲುವವನಿಗೆ ಜನರ ಜಯಘೋಷವೇ ಬಲ. ಸೋಲುವವನಿಗೆ ತನ್ನ ಅಭ್ಯಾಸವೊಂದೇ ಬಲ.

ಆ ಸೋಲು ನಿಷ್ಫಲವಾಗಲಿಲ್ಲ. ಬಳಿಕ ಭಾರತದ ಆಟಗಾರರಿಗೆ ಬೂಟು ಕಡ್ಡಾಯವಾಯಿತು. ಬರಿಗಾಲಿನಲ್ಲಿ ಪಳಗಿದವರು ಹೊಸ ನಡೆಗೆ ಹೊಂದಿಕೊಳ್ಳಬೇಕಾಯಿತು. ನಾಲ್ಕೇ ವರುಷಗಳಲ್ಲಿ, 1956ರ ಮೆಲ್ಬರ್ನ್ ಒಲಿಂಪಿಕ್ಕಿನಲ್ಲಿ, ಭಾರತವು ನಾಲ್ಕನೆಯ ಸ್ಥಾನಕ್ಕೇರಿತು. ಖಾನರು ಆ ದಶಕದ ಕೊನೆಯವರೆಗೂ ಈಸ್ಟ್ ಬೆಂಗಾಲಿನಲ್ಲಿಯೇ ಆಡಿ ನಿವೃತ್ತರಾದರು. ಅರ್ಜುನ ಪ್ರಶಸ್ತಿಯು ಆರಂಭವಾದುದು 1961ರಲ್ಲಿ. ಅಷ್ಟರಲ್ಲಿ ಅವರ ಆಟದ ಕಾಲವು ಸಂದುಹೋಗಿತ್ತು. ಅವರು ಹುಟ್ಟೂರಿಗೆ ಮರಳಿ ನೆಲಸದೆ ಕಲಕತ್ತೆಯನ್ನೇ ಮನೆಮಾಡಿಕೊಂಡರು. ಪಾಂಡವರೈವರಲ್ಲಿ ಕಡೆಯವರಾಗಿ ಉಳಿದು, 2017ರ ಆಗಸ್ಟಿನಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಅಲ್ಲಿಯೇ ಕಾಲವಶರಾದರು.

ಕಾಲಿನ ಕಸುವು ಇರುವುದು ಹತ್ತು ಹನ್ನೆರಡು ವರುಷ. ಅದು ಇಳಿದ ಮೇಲೆ ಬಾಳಬೇಕಾದುದು ಅದರ ನಾಲ್ಮಡಿ ಕಾಲ. ಆ ದೀರ್ಘವಾದ ಸಾಯಂಕಾಲದಲ್ಲಿ ಆಟಗಾರನನ್ನು ಹೆಸರು ಹಿಡಿದು ಕರೆಯುವವರು ಯಾರು? ಖಾನರನ್ನು ಬಂಗಾಲವು ಕರೆಯಿತು. ನಮ್ಮ ಸೀಮೆಯಲ್ಲಿಯೂ ಒಂದು ಕಾಲಕ್ಕೆ ಜಾತ್ರೆಯ ಕಣದಲ್ಲಿ ಬೆಳ್ಳಿಯ ಕಡಗವನ್ನು ಗೆದ್ದ ಮಲ್ಲರು ಈಗ ಕಟ್ಟೆಯ ಮೇಲೆ ಮೌನವಾಗಿ ಕುಳಿತಿರುವರು. ರಬಕವಿ-ಬನಹಟ್ಟಿಗಳ ಮಗ್ಗದ ಮನೆಗಳಲ್ಲಿ, ಅರುವತ್ತು ವರುಷ ತುಳಿಮಣೆಯನ್ನು ತುಳಿದ ಪಾದಗಳು ವಿಶ್ರಮಿಸುತ್ತಿರುವುವು. ಅವರ ಬಳಿ ನಮ್ಮ ಮಕ್ಕಳು ಅರ್ಧ ಗಳಿಗೆ ಕುಳಿತು ಕೇಳಿದರೆ ಯಾರಿಗೆ ನಷ್ಟ?

ತಾಯಂದಿರಲ್ಲಿ ಒಂದು ವಿಜ್ಞಾಪನೆ. ಮಗನು ಆಟದಲ್ಲಿಯೋ ಪರೀಕ್ಷೆಯಲ್ಲಿಯೋ ಸೋತು ಬಾಡಿದ ಮುಖದಿಂದ ಮನೆಗೆ ಬಂದ ದಿನ, "ಅವರದೆಷ್ಟು, ನಿನ್ನದೆಷ್ಟು?" ಎಂದು ಮೊದಲು ಕೇಳಬೇಡಿರಿ. "ಕಡೆಯವರೆಗೂ ಆಡಿದೆಯಾ?" ಎಂದು ಕೇಳಿ, ಹೌದೆಂದರೆ ಬಿಸಿರೊಟ್ಟಿಯ ಮೇಲೆ ಬೆಣ್ಣೆಯನ್ನು ತುಸು ಹೆಚ್ಚಾಗಿಯೇ ಇಕ್ಕಿರಿ.