ಟರ್ಬೊ ಗಾಡಿಗೊಂದು ತಣ್ಣನೆಯ ಉಸಿರು

ಕೋಟನೂರದಿಂದ ಏಳನೆಯ ತರಗತಿಯ ಹುಡುಗಿಯೊಬ್ಬಳು ಕೇಳಿರುವ ಪ್ರಶ್ನೆ ದೊಡ್ಡವರಿಗೂ ಬೇಕಾದದ್ದು. ಅವಳ ಅಪ್ಪನ ಹತ್ತಿರ ಹಳೆಯದೊಂದು ಡೀಸೆಲ್ ವ್ಯಾನ್ ಇದೆ. ಬೆಳಿಗ್ಗೆ, ಸಂಜೆ ಶಾಲೆಯ ಮಕ್ಕಳನ್ನು ಕಲಬುರಗಿಗೆ ಬಿಟ್ಟು ಕರೆತರುವುದು. ರಜೆಯಲ್ಲಿ, ಮದುವೆಯ ದಿನಗಳಲ್ಲಿ ಕಮಲಾಪುರ, ಹುಮನಾಬಾದ್, ಬೀದರ್ ಕಡೆಗೆ ಬಾಡಿಗೆ. ಮೇ ತಿಂಗಳಲ್ಲಿ ಜನ ತುಂಬಿಕೊಂಡು ಹೊರಟರೆ ಏರಿನಲ್ಲಿ ಗಾಡಿ ಕಪ್ಪು ಹೊಗೆ ಉಗುಳುತ್ತದೆ, ಎಳೆಯುವುದಿಲ್ಲ. ಅದರ ಬೆನ್ನ ಮೇಲೆ ‘ಟರ್ಬೊ’ ಎಂದು ದೊಡ್ಡದಾಗಿ ಬರೆದಿದ್ದರೂ ಹೀಗೆ! “ಇದಕ್ಕ ಒಂದ್ ಇಂಟರ್‌ಕೂಲರ್ ಕೂಡ್ಸಿಬಿಡ್ರಿ, ಗಾಡಿ ಹಾರ್ತದ ನೋಡ್ರಿ” ಎಂದಿದ್ದಾನಂತೆ ಮಿಸ್ತ್ರಿ. ಅವಳು ಕೇಳುವುದು ಎರಡು ಮಾತು. ಇಂಟರ್‌ಕೂಲರ್ ಎಂದರೆ ಎಂಜಿನ್ನಿಗೆ ಹಾಕುವ ಏಸಿಯೇ? ಅಪ್ಪ ಕೂಡಿಟ್ಟ ದುಡ್ಡನ್ನು ಅದಕ್ಕೆ ಹಾಕಬಹುದೇ?

ಮೊದಲನೆಯದಕ್ಕೆ ಉತ್ತರ ಸುಲಭ. ಏಸಿಯಲ್ಲ. ಅದರಲ್ಲಿ ಗ್ಯಾಸಿಲ್ಲ, ಮೋಟಾರಿಲ್ಲ, ತಿರುಗುವ ಒಂದು ಭಾಗವೂ ಇಲ್ಲ. ರೇಡಿಯೇಟರ್ ನೀರಿಗೆ ಏನು ಮಾಡುತ್ತದೋ ಅದನ್ನೇ ಇದು ಗಾಳಿಗೆ ಮಾಡುತ್ತದೆ. ಒಳಗಿನ ಕೊಳವೆಗಳಲ್ಲಿ ಎಂಜಿನ್ ಕುಡಿಯುವ ಬಿಸಿ ಗಾಳಿ ಹೋಗುತ್ತದೆ, ಹೊರಗಿನ ರೆಕ್ಕೆಗಳ ನಡುವೆ ರಸ್ತೆಯ ಗಾಳಿ ಹಾಯುತ್ತದೆ, ಬಿಸಿ ಕೈಬದಲಾಗುತ್ತದೆ, ಅಷ್ಟೇ.

ಎಂಜಿನ್ ಕುಡಿಯುವ ಗಾಳಿ ಬಿಸಿಯಾಗುವುದು ಯಾಕೆ? ಮಕ್ಕಳೇ, ಸೈಕಲ್ ಪಂಪಿನಿಂದ ಇಪ್ಪತ್ತು ಸಲ ಜೋರಾಗಿ ಗಾಳಿ ಹೊಡೆದು ಪಂಪಿನ ಕೆಳತುದಿ ಮುಟ್ಟಿ ನೋಡಿ. ಚುರುಕ್ ಎನ್ನುತ್ತದೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಟರ್ಬೊ ಮಾಡುವುದೂ ಒತ್ತುವ ಕೆಲಸವೇ. ಹೊಗೆಕೊಳವೆಯಲ್ಲಿ ಸುಮ್ಮನೆ ಹೋಗುತ್ತಿದ್ದ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ, ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು ಎಂಜಿನ್ನಿಗೆ ತುರುಕುತ್ತದೆ. ಸಣ್ಣ ಗಾಡಿಯ ಟರ್ಬೊ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. 1905ರಲ್ಲಿ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಈ ಉಪಾಯಕ್ಕೆ ಪೇಟೆಂಟ್ ಪಡೆದ.

ಬಿಸಿ ಗಾಳಿ ಹಿಂಜಿದ ಹತ್ತಿಯ ಹಾಗೆ. ಚೀಲ ತುಂಬಿದಂತೆ ಕಾಣುತ್ತದೆ, ತಕ್ಕಡಿಗೆ ಹಾಕಿದರೆ ತೂಕ ಇಲ್ಲ. ಡೀಸೆಲ್ ಪೂರ್ತಿ ಉರಿಯಲು ಬೇಕಾದದ್ದು ಗಾಳಿಯ ತೂಕ, ಚೀಲದ ಗಾತ್ರವಲ್ಲ. ನಮ್ಮೂರಿನ ಬಿಸಿಲಿಗೇ ಒಂದು ಲೆಕ್ಕ ಹಾಕೋಣ. ಹೊರಗೆ 42 ಡಿಗ್ರಿ ಇದೆಯೆನ್ನಿ. ಟರ್ಬೊ ಆ ಗಾಳಿಯನ್ನು ಮೊದಲಿದ್ದ ಒತ್ತಡದ 1.7 ಪಟ್ಟಿಗೆ ಒತ್ತಿದರೆ, ಸಾಧಾರಣ ಟರ್ಬೊದಲ್ಲಿ ಅದು ಸುಮಾರು 120 ಡಿಗ್ರಿಗೆ ಏರುತ್ತದೆ. ಒತ್ತಡ 1.7 ಪಟ್ಟಾದರೂ ಸಿಲಿಂಡರಿಗೆ ಹೋದ ಗಾಳಿಯ ತೂಕ ಹೆಚ್ಚಿದ್ದು ಬರೀ 1.36 ಪಟ್ಟು. ಉಳಿದದ್ದನ್ನು ಬಿಸಿ ತಿಂದುಹಾಕಿತು. ನಡುವೆ ಒಂದು ಒಳ್ಳೆಯ ಇಂಟರ್‌ಕೂಲರ್ ಇದ್ದರೆ ಅದೇ ಗಾಳಿ 70 ಡಿಗ್ರಿಗೆ ಇಳಿಯಬಹುದು. ಕೊಳವೆಗಳಲ್ಲಿ ಹಾದುಹೋಗುವಾಗ ಸ್ವಲ್ಪ ಒತ್ತಡ ಸೋರಿಹೋಗುತ್ತದೆ, ಅದನ್ನು ಕಳೆದರೂ ನೂರಕ್ಕೆ ಹನ್ನೊಂದರಷ್ಟು ಹೆಚ್ಚು ಗಾಳಿ ಸಿಕ್ಕಿತು.

ಹಾಗಾದರೆ ಗಾಡಿ ನೂರಕ್ಕೆ ಹನ್ನೊಂದರಷ್ಟು ಹೆಚ್ಚು ಎಳೆಯುತ್ತದೆಯೇ? ಇಲ್ಲ. ಮಿಸ್ತ್ರಿ ಹೇಳದೆ ಬಿಟ್ಟ ಮಾತು ಇದು. ಹಳೆಯ ಗಾಡಿಯ ಡೀಸೆಲ್ ಪಂಪು ಕಬ್ಬಿಣದ ಯಂತ್ರ, ಅದರೊಳಗೆ ಕಂಪ್ಯೂಟರ್ ಇಲ್ಲ. ಗಾಳಿ ತಣ್ಣಗಾಗಿದೆ, ತೂಕ ಹೆಚ್ಚಿದೆ ಎಂಬ ಸುದ್ದಿ ಅದಕ್ಕೆ ಮುಟ್ಟುವುದೇ ಇಲ್ಲ. ಮೊದಲು ಎಷ್ಟು ಡೀಸೆಲ್ ಬಡಿಸುತ್ತಿತ್ತೋ ಅಷ್ಟೇ ಬಡಿಸುತ್ತದೆ. ಶಕ್ತಿ ಬರುವುದು ಡೀಸೆಲಿನಿಂದ. ಹಿಟ್ಟು ಅಷ್ಟೇ ಇಟ್ಟು ಒಲೆ ಚೆನ್ನಾಗಿ ಉರಿಸಿದರೆ ರೊಟ್ಟಿ ಸರಿಯಾಗಿ ಬೇಯುತ್ತದೆ, ರೊಟ್ಟಿಯ ಎಣಿಕೆ ಹೆಚ್ಚುವುದಿಲ್ಲ. ಹಾಗೆಂದು ಲಾಭವೇ ಇಲ್ಲವೆಂದಲ್ಲ: ಕಪ್ಪು ಹೊಗೆ ಕಡಿಮೆಯಾಗುತ್ತದೆ, ಸಿಲಿಂಡರಿನ ಒಳಗಿನ ಕಾವು ಇಳಿಯುತ್ತದೆ, ಏರಿನಲ್ಲಿ ಪಿಸ್ಟನ್ನಿಗೂ ಟರ್ಬೊಗೂ ಬೀಳುವ ಸುಡುವ ಹೊರೆ ತಗ್ಗುತ್ತದೆ. ಎಂಜಿನ್ನಿನ ಆಯುಷ್ಯಕ್ಕೆ ಅದು ಸಣ್ಣ ಉಪಕಾರವೇನಲ್ಲ. ಆದರೆ ‘ಹಾರುವ’ ಗಾಡಿ ಬೇಕೆಂದರೆ ಪಂಪನ್ನು ಕ್ಯಾಲಿಬ್ರೇಶನ್ ಅಂಗಡಿಯಲ್ಲಿ ಅಳೆದು ಡೀಸೆಲ್ ಹೆಚ್ಚಿಸಬೇಕು. ಕಿವಿಯಲ್ಲಿ ಕೇಳಿ ಸ್ಕ್ರೂ ತಿರುಗಿಸುವವರ ಕೈಗೆ ಪಂಪು ಕೊಟ್ಟರೆ ಇಂಟರ್‌ಕೂಲರ್ ಉಳಿಸಿದ ಕಾವು ಎರಡರಷ್ಟಾಗಿ ವಾಪಸ್ ಬರುತ್ತದೆ.

ಇದಕ್ಕೆ ದೊಡ್ಡ ಸಾಕ್ಷಿ ನಮ್ಮ ರೈಲು. ಮುಂಬಯಿ–ಚೆನ್ನೈ ಮಾರ್ಗಕ್ಕೆ ವಿದ್ಯುತ್ ತಂತಿ ಬರುವ ಮೊದಲು ವಾಡಿ, ಶಹಾಬಾದ್, ಕಲಬುರಗಿ ನಿಲ್ದಾಣಗಳಲ್ಲಿ ದಡದಡ ಸದ್ದು ಮಾಡುತ್ತಾ ನಿಲ್ಲುತ್ತಿದ್ದ ಡೀಸೆಲ್ ಎಂಜಿನ್ನುಗಳನ್ನು ನಿಮ್ಮ ಅಜ್ಜ ನೆನಪಿಟ್ಟಿರುತ್ತಾರೆ. ಡಬ್ಲ್ಯುಡಿಎಂ-2 ಎಂಬ ಆ ಜಾತಿಯ ಎಂಜಿನ್ 1962ರಲ್ಲಿ ಅಮೆರಿಕದ ಆಲ್ಕೊ ಕಂಪನಿಯಿಂದ ಬಂತು, ಆಮೇಲೆ ವಾರಾಣಸಿಯಲ್ಲೇ ತಯಾರಾಯಿತು. 16 ಸಿಲಿಂಡರ್, 2600 ಅಶ್ವಶಕ್ತಿ. ಅದರಲ್ಲಿ ಟರ್ಬೊ ಇತ್ತು, ಒತ್ತಿದ ಗಾಳಿಯನ್ನು ನೀರಿನಿಂದ ತಂಪು ಮಾಡುವ ಪೆಟ್ಟಿಗೆಯೂ ಇತ್ತು. ಅಲ್ಲಿ ಅದಕ್ಕೆ ಆಫ್ಟರ್‌ಕೂಲರ್ ಎಂದು ಹೆಸರು. ಮುಂದೆ ಇದೇ ಎಂಜಿನ್ನುಗಳನ್ನು ಪಟಿಯಾಲಾದ ಕಾರ್ಖಾನೆಯಲ್ಲಿ ಬಿಚ್ಚಿ ಮತ್ತೆ ಕಟ್ಟಿ 3100 ಅಶ್ವಶಕ್ತಿಯ ಡಬ್ಲ್ಯುಡಿಎಂ-3ಎ ಮಾಡಿದರು. ಆಫ್ಟರ್‌ಕೂಲರ್ ದೊಡ್ಡದಾಯಿತು ನಿಜ. ಜೊತೆಗೆ ಟರ್ಬೊ ಬದಲಾಯಿತು, ಡೀಸೆಲ್ ಪಂಪು ಬದಲಾಯಿತು, ಕ್ಯಾಮ್‌ಶಾಫ್ಟ್ ಬದಲಾಯಿತು. 500 ಅಶ್ವಶಕ್ತಿ ಬಂದದ್ದು ಈ ಎಲ್ಲವೂ ಕೂಡಿದಾಗ. ರೈಲ್ವೆಯವರು ಬರೀ ಒಂದು ಪೆಟ್ಟಿಗೆ ತೂಗಿಹಾಕಿ ಕೈತೊಳೆದುಕೊಳ್ಳಲಿಲ್ಲ.

ಇನ್ನು ಕಲಬುರಗಿಯ ಬಿಸಿಲಿನ ಮಾತು. ವ್ಯಾನಿನಲ್ಲಿ ಇಂಟರ್‌ಕೂಲರಿಗೆ ಸಾಮಾನ್ಯವಾಗಿ ಸಿಗುವ ಜಾಗ ರೇಡಿಯೇಟರಿನ ಮುಂದೆ. ಅಂದರೆ ಅದು ಬಿಟ್ಟ ಬಿಸಿಯೆಲ್ಲ ನೇರವಾಗಿ ರೇಡಿಯೇಟರಿನ ಮುಖಕ್ಕೆ ಬಡಿಯುತ್ತದೆ. ಎಷ್ಟು ಬಿಸಿ? ಎರಡೂವರೆ ಲೀಟರ್ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಾ ಭಾರ ಎಳೆಯುವಾಗ, ಮೇಲಿನ ಲೆಕ್ಕದಂತೆ ನಾಲ್ಕು ಕಿಲೋವ್ಯಾಟಿಗೂ ಮೇಲೆ. ಸ್ನಾನದ ಮನೆಯ ಎರಡು ಗೀಸರ್‌ಗಳನ್ನು ರೇಡಿಯೇಟರಿನ ಮುಂದೆ ಹಚ್ಚಿಟ್ಟ ಹಾಗೆ. ರೇಡಿಯೇಟರ್ ಗಟ್ಟಿಮುಟ್ಟಾಗಿದ್ದರೆ ತಡೆದುಕೊಳ್ಳುತ್ತದೆ. ಹಳೆಯ ಗಾಡಿಯಲ್ಲಿ ಅರ್ಧ ಕೊಳವೆಗಳು ಕೊಳೆ ಕಟ್ಟಿಕೊಂಡಿದ್ದರೆ? ಗಾಳಿ ತಂಪು ಮಾಡಲು ಹೋಗಿ ನೀರು ಕುದಿಸಿದಂತಾಯಿತು. ಬೀದರ್ ಕಲಬುರಗಿಗಿಂತ ನೂರೈವತ್ತು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಆ ಏರಿನಲ್ಲಿ, ಮಧ್ಯಾಹ್ನದಲ್ಲಿ, ಗಾಡಿಯ ತುಂಬ ಮದುವೆಯ ಜನ ಇರುವಾಗ ಗೇಜಿನ ಮುಳ್ಳು ಕೆಂಪಿಗೆ ಹೋಗುವುದು ಯಾರಿಗೆ ಬೇಕು?

ನಮ್ಮಲ್ಲಿ ಧೂಳಿನದೂ ಒಂದು ಕಾಟ. ತೊಗರಿ ರಾಶಿಯ ದಿನಗಳಲ್ಲಿ ಹೊಟ್ಟು ಹಾರಿ ಬಂದು ರೆಕ್ಕೆಗಳ ನಡುವೆ ಕೂತುಬಿಡುತ್ತದೆ. ಒಂದರ ಹಿಂದೆ ಒಂದು ಪೆಟ್ಟಿಗೆ ಇದ್ದರೆ ನಡುವಿನ ಸಂದಿಗೆ ಕೈಯೇ ಹೋಗದು.

ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಈ ವ್ಯಾನಿನ ಹೆಚ್ಚಿನ ದಿನ ಕಳೆಯುವುದು ಊರೊಳಗೆ, ಶಾಲೆಯ ದಾರಿಯಲ್ಲಿ. ಸೂಪರ್ ಮಾರ್ಕೆಟಿನ ಗದ್ದಲದಲ್ಲಿ ಒಂದನೇ, ಎರಡನೇ ಗೇರಿನಲ್ಲಿ ತೆವಳುವಾಗ ಟರ್ಬೊ ಗಾಳಿಯನ್ನು ಒತ್ತುವುದೇ ಕಡಿಮೆ. ಒತ್ತದ ಗಾಳಿಗೆ ತಂಪು ಯಾತಕ್ಕೆ? ಕೂಡಿಟ್ಟ ದುಡ್ಡು ಮೊದಲು ಬ್ರೇಕಿಗೆ, ಟೈರಿಗೆ ಹೋಗಲಿ. ಆಮೇಲೆ ರೇಡಿಯೇಟರ್ ಬಿಚ್ಚಿಸಿ ಒಳಗಿನಿಂದ ತೊಳೆಸಲಿ, ಏರ್ ಫಿಲ್ಟರ್ ಬದಲಿಸಲಿ, ಇಂಜೆಕ್ಟರ್‌ಗಳನ್ನು ಪರೀಕ್ಷಿಸಲಿ. ಟರ್ಬೊದಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪು ಸೀಳಿದ್ದರೂ ಇದೇ ಕಪ್ಪು ಹೊಗೆ, ಇದೇ ಸುಸ್ತು. ಇಷ್ಟು ಮಾಡಿಸಿದ ಮೇಲೆ ಅನೇಕ ಗಾಡಿಗಳಿಗೆ ಇಂಟರ್‌ಕೂಲರಿನ ಮಾತೇ ಬೇಕಾಗುವುದಿಲ್ಲ. ದಿನವೂ ಭಾರ ಹೇರಿಕೊಂಡು ಹೆದ್ದಾರಿಯಲ್ಲಿ ನೂರಾರು ಕಿಲೋಮೀಟರ್ ಓಡುವ ಗಾಡಿಯಾದರೆ ಮಾತು ಬೇರೆ. ಕಮಲಾಪುರದ ಕೆಂಪು ಬಾಳೆ ಹೇರಿಕೊಂಡು ಹೈದರಾಬಾದಿಗೆ ಹೋಗುವವರಿಗೆ ನಾನು ಬೇಡ ಎನ್ನುವುದಿಲ್ಲ.

ಹಾಕಿಸಲೇಬೇಕು ಎಂದರೆ, ಅದೇ ಕಂಪನಿ ಅದೇ ಎಂಜಿನ್ನನ್ನು ಇಂಟರ್‌ಕೂಲರ್ ಸಮೇತ ಮಾರಿದೆಯೇ ಎಂದು ಮೊದಲು ವಿಚಾರಿಸಿ. ಲಾರಿಗಳ ಮೈಮೇಲೆ ‘ಟಿಸಿಐಸಿ’ ಎಂದು ಬರೆದಿರುವುದನ್ನು ನೋಡಿರಬಹುದು. ಟರ್ಬೊ ಮತ್ತು ಇಂಟರ್‌ಕೂಲರ್ ಎರಡೂ ಉಂಟು ಎಂದು ಅದರ ಅರ್ಥ. ಕಂಪನಿಯವರೇ ಅಳೆದು ಕೂಡಿಸಿದ ಜೋಡಿ ಸಿಕ್ಕರೆ ಅರ್ಧ ತಲೆನೋವು ಕಡಿಮೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್, ಆರ್‌ಸಿಯಲ್ಲಿ ಬರೆದ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂಥ ಬದಲಾವಣೆಗೆ ಅಡ್ಡಿ ಮಾಡುತ್ತದೆ. ಹಳದಿ ಬೋರ್ಡಿನ ಗಾಡಿ, ಒಳಗೆ ಮಕ್ಕಳು. ಕೆಲಸಕ್ಕೆ ಮುಂಚೆ ಆರ್‌ಟಿಒ ಕಚೇರಿಯಲ್ಲೂ ವಿಮೆಯವರ ಬಳಿಯೂ ಬರಹದಲ್ಲಿ ಕೇಳುವುದು ಒಳ್ಳೆಯದು.

ಗುಜರಿಯಿಂದ ತಂದ ಇಂಟರ್‌ಕೂಲರ್ ಆದರೆ ಒಂದು ಅಪಾಯ ಇದೆ, ಇದನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ. ಹಿಂದಿನ ಗಾಡಿಯ ಟರ್ಬೊ ಕೆಟ್ಟು ಆಯಿಲ್ ಉಗುಳಿದ್ದರೆ ಆ ಆಯಿಲ್, ಚೂರುಪಾರು ಕಬ್ಬಿಣ ಎಲ್ಲ ಅದರ ಹೊಟ್ಟೆಯಲ್ಲೇ ಕೂತಿರುತ್ತದೆ. ಹಾಗೇ ಜೋಡಿಸಿದರೆ ಎಂಜಿನ್ ಅದನ್ನು ಹೀರಿಕೊಳ್ಳುತ್ತದೆ. ಡೀಸೆಲ್ ಎಂಜಿನ್ನಿಗೆ ಆಯಿಲೂ ಉರುವಲೇ. ಹೀರಿದ ಆಯಿಲನ್ನೇ ಉರಿಸಿಕೊಂಡು ಹುಚ್ಚು ಹಿಡಿದಂತೆ ಓಡುತ್ತದೆ, ಚಾವಿ ತೆಗೆದರೂ ನಿಲ್ಲುವುದಿಲ್ಲ. ಆದ್ದರಿಂದ ಒಳಗೆಲ್ಲ ತೊಳೆದು, ಬಂದ ನೀರೋ ಸೀಮೆಎಣ್ಣೆಯೋ ತಿಳಿಯಾಗುವವರೆಗೆ ಜಾಲಾಡಿಸಿ, ಪೂರ್ತಿ ಒಣಗಿಸಿಯೇ ಕೂಡಿಸಬೇಕು. ಎರಡೂ ಬಾಯಿ ಮುಚ್ಚಿ ಸ್ವಲ್ಪ ಗಾಳಿ ತುಂಬಿ, ಪಂಕ್ಚರ್ ಅಂಗಡಿಯವನು ಟ್ಯೂಬನ್ನು ಮುಳುಗಿಸುವಂತೆ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರೆ ಸೋರಿಕೆ ಗುಳ್ಳೆಯಾಗಿ ಕಾಣುತ್ತದೆ. ಪೈಪುಗಳನ್ನು ಆದಷ್ಟು ಗಿಡ್ಡ ಇಡಿಸಿ, ಅಗಲ ಪಟ್ಟಿಯ ಕ್ಲಾಂಪ್ ಹಾಕಿಸಿ, ಹೊಗೆಕೊಳವೆಯಿಂದ ದೂರ ಹಾಯಿಸಿ. ಮೊದಲ ವಾರ ಓಡಿಸಿದ ಮೇಲೆ ಗಾಡಿ ತಣ್ಣಗಿರುವಾಗ ಎಲ್ಲ ಕ್ಲಾಂಪುಗಳನ್ನೂ ಇನ್ನೊಮ್ಮೆ ಬಿಗಿ ಮಾಡಿಸಿ. ಬಿಸಿಯಾಗಿ ತಣ್ಣಗಾಗಿ ರಬ್ಬರು ಕೂತುಕೊಂಡಿರುತ್ತದೆ.